‘ಇನ್ನಿಲ್ಲ’ ಅನ್ನೋಕೆ ಇಷ್ಟೊಂದು ಅವಸರ ಯಾಕೆ?

2023ರ ಸೆಪ್ಟೆಂಬರ್ 6ರಂದು ನಟಿ ರಮ್ಯಾ ಹೃದಯಾಘಾತದಿಂದ ತೀರಿಕೊಂಡರು ಅಂತ ಒಂದು ಸುದ್ದಿ ಹರಿದಾಡಿತು. ಮೊದಲು ಯಾವುದೋ ಟ್ವಿಟರ್ ಖಾತೆಗಳಲ್ಲಿ, ಆಮೇಲೆ ಕೆಲವು ಸುದ್ದಿ ತಾಣಗಳಲ್ಲಿ. ಶ್ರದ್ಧಾಂಜಲಿ ಪೋಸ್ಟರ್‌ಗಳೂ ಬಂದವು. ಅಷ್ಟೊತ್ತಿಗೆ ರಮ್ಯಾ ಜಿನೀವಾದಲ್ಲಿ ಆರಾಮಾಗಿದ್ದರು. ಪರಿಚಯ ಇದ್ದ ಪತ್ರಕರ್ತರು ನೇರವಾಗಿ ಅವರಿಗೇ ಫೋನ್ ಮಾಡಿ ಮಾತಾಡಿ, ‘ಏನೂ ಆಗಿಲ್ಲ, ಚೆನ್ನಾಗಿದ್ದಾರೆ’ ಅಂತ ಬರೆದ ಮೇಲೆ ಗದ್ದಲ ನಿಂತಿತು. ಒಂದು ಫೋನ್ ಕಾಲ್. ಅಷ್ಟೇ ಬೇಕಾಗಿದ್ದಿದ್ದು.

2025ರ ನವೆಂಬರ್ 11ರಂದು ಧರ್ಮೇಂದ್ರ ಅವರ ವಿಷಯದಲ್ಲೂ ಇದೇ ಆಯ್ತು. ಈ ಸಲ ಅನಾಮಧೇಯ ಖಾತೆಗಳಷ್ಟೇ ಅಲ್ಲ, ದೊಡ್ಡ ದೊಡ್ಡ ಚಾನೆಲ್‌ಗಳೂ ಅವರು ಇನ್ನಿಲ್ಲ ಅಂದವು. ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೀತಾ ಇದ್ದ ಮನುಷ್ಯನ ಹೆಂಡತಿ, ಮಗಳು ಆ ಆತಂಕದ ನಡುವೆ ಕೂತು, ಅವರಿನ್ನೂ ಬದುಕಿದ್ದಾರೆ ಅಂತ ಸಾರ್ವಜನಿಕವಾಗಿ ಬರೆಯಬೇಕಾಯ್ತು. ಅವರು ತೀರಿಕೊಂಡಿದ್ದು ನವೆಂಬರ್ 24ಕ್ಕೆ, ಹದಿಮೂರು ದಿನ ಆದ ಮೇಲೆ.

ಇಂಥದ್ದನ್ನೆಲ್ಲ ‘ಫೇಕ್ ನ್ಯೂಸ್’ ಅನ್ನೋ ಒಂದೇ ಡಬ್ಬಕ್ಕೆ ಹಾಕಿ ಮುಚ್ಚಿಬಿಡೋದು ಸುಲಭ. ಆದ್ರೆ ನಮಗೆ ಅನ್ನಿಸೋದು, ಸಾವಿನ ಸುದ್ದಿಯ ಸಮಸ್ಯೆ ಬರೀ ಸುಳ್ಳು-ನಿಜದ್ದಲ್ಲ, ಟೈಮಿಂಗ್‌ದು. ಆಪರೇಟಿಂಗ್ ಸಿಸ್ಟಮ್ಸ್ ಕ್ಲಾಸಲ್ಲಿ ರೇಸ್ ಕಂಡಿಷನ್ ಓದಿದ್ದೀವಲ್ಲ, ಹೆಚ್ಚೂಕಮ್ಮಿ ಅದೇ. ಒಂದು ಕಡೆ ಬರೆಯೋ ಕೆಲಸ ಇನ್ನೂ ಮುಗಿದಿಲ್ಲ, ಇನ್ನೊಂದು ಕಡೆ ಅದನ್ನ ಓದಿ ಮುಂದಕ್ಕೆ ಕಳಿಸಿ ಆಗಿದೆ. ಇದು ಅತಿ ಸ್ಪಷ್ಟವಾಗಿ ಕಾಣೋದು ನಮ್ಮದೇ ಕನ್ನಡದ ಒಬ್ಬ ನಟನ ವಿಷಯದಲ್ಲಿ.

ಸಂಚಾರಿ ವಿಜಯ್ ‘ನಾನು ಅವನಲ್ಲ ಅವಳು’ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದವರು. 2021ರ ಜೂನ್ 12ರ ರಾತ್ರಿ ಬೆಂಗಳೂರಿನ ಜೆ.ಪಿ. ನಗರದಲ್ಲಿ ಗೆಳೆಯನ ಬೈಕಿನ ಹಿಂದೆ ಕೂತು ಹೋಗುವಾಗ ಅಪಘಾತವಾಗಿ ತಲೆಗೆ ತೀವ್ರ ಪೆಟ್ಟಾಯಿತು. ಜೂನ್ 14ರಂದು ‘ವಿಜಯ್ ಇನ್ನಿಲ್ಲ’ ಅಂತ ಎಲ್ಲ ಕಡೆ ಬಂತು. ಚಿತ್ರರಂಗದ ದೊಡ್ಡವರು, ರಾಜಕಾರಣಿಗಳು ಸಂತಾಪ ಹಾಕಿದ್ರು. ಆದರೆ ಅದೇ ದಿನ ಆಸ್ಪತ್ರೆ ಹೇಳಿದ್ದೇ ಬೇರೆ. ಅವರು ಪೂರ್ತಿ ಜೀವರಕ್ಷಕ ಸಾಧನಗಳ ಮೇಲೆ ಇದ್ದಾರೆ, ಮೆದುಳು ವಿಫಲವಾಗಿರುವ ಲಕ್ಷಣ ಕಂಡಿದೆ, ಕುಟುಂಬ ಅಂಗಾಂಗ ದಾನಕ್ಕೆ ಒಪ್ಪಿದೆ, ರಾಜ್ಯದ ‘ಜೀವಸಾರ್ಥಕತೆ’ ಸಂಸ್ಥೆಗೆ ತಿಳಿಸಲಾಗಿದೆ. ಸಾವು ಘೋಷಣೆಯಾಗಿದ್ದು ಜೂನ್ 15ರ ಬೆಳಗಿನ ಜಾವ. ನಡುವೆ ಹಾಕಿದ್ದ ಸಂತಾಪಗಳನ್ನ ಕೆಲವರು ಡಿಲೀಟ್ ಮಾಡಿ ‘ದಯವಿಟ್ಟು ಪ್ರಾರ್ಥಿಸಿ’ ಅಂತ ಹಾಕಿದರು, ಆಮೇಲೆ ಮತ್ತೆ ಸಂತಾಪ.

‘ಹೇಗಿದ್ರೂ ಬ್ರೇನ್ ಡೆಡ್ ಆಗಿತ್ತಲ್ಲ, ಅರ್ಧ ದಿನ ಮೊದಲು ಹೇಳಿದ್ರೆ ಏನಾಯ್ತು?’ ಅಂತ ಕೇಳೋರಿದ್ದಾರೆ. ಏನಾಯ್ತು ಅಂತ ನೋಡೋಕೆ ಮೆದುಳುಕಾಂಡದ ಸಾವನ್ನ ಹೇಗೆ ಖಚಿತ ಮಾಡ್ತಾರೆ ಅಂತ ತಿಳಿದಿರಬೇಕು.

ನಮ್ಮ ದೇಶದಲ್ಲಿ ಇದಕ್ಕೆ 1994ರ ಮಾನವ ಅಂಗಾಂಗ ಕಸಿ ಕಾಯ್ದೆ ಇದೆ. ಅದರ ಪ್ರಕಾರ ಒಬ್ಬ ಡಾಕ್ಟರ್ ನೋಡಿ ‘ಮುಗೀತು’ ಅಂದ್ರೆ ಸಾಲದು, ನಾಲ್ಕು ಜನ ಬೇಕು. ಆಸ್ಪತ್ರೆಯ ಮುಖ್ಯಸ್ಥರು, ಒಬ್ಬ ತಜ್ಞರು, ಒಬ್ಬ ನರರೋಗ ತಜ್ಞ ಅಥವಾ ನರಶಸ್ತ್ರಚಿಕಿತ್ಸಕ, ಮತ್ತೆ ಆ ರೋಗಿಗೆ ಚಿಕಿತ್ಸೆ ಕೊಡ್ತಾ ಇರೋ ವೈದ್ಯರು. ಅಂಗ ಕಸಿ ಮಾಡೋ ತಂಡದವರು ಈ ನಾಲ್ವರಲ್ಲಿ ಇರೋ ಹಾಗಿಲ್ಲ. ಕಣ್ಣಿಗೆ ಬೆಳಕು ಬಿಟ್ಟಾಗ ಪಾಪೆ ಚಿಕ್ಕದಾಗುತ್ತಾ, ಕಿವಿಯೊಳಗೆ ತಣ್ಣೀರು ಬಿಟ್ಟಾಗ ಕಣ್ಣುಗುಡ್ಡೆ ಅಲುಗುತ್ತಾ, ಗಂಟಲು ಮುಟ್ಟಿದರೆ ಕೆಮ್ಮು ಬರುತ್ತಾ ಅಂತ ಒಂದೊಂದಾಗಿ ನೋಡ್ತಾರೆ. ಕೊನೆಗೆ ಆಪ್ನಿಯಾ ಟೆಸ್ಟ್. ಆಮ್ಲಜನಕ ಹೋಗೋ ಹಾಗೆ ನೋಡಿಕೊಂಡು ವೆಂಟಿಲೇಟರ್ ತೆಗೀತಾರೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರ್ತಾ ಹೋಗುತ್ತೆ. ಮೆದುಳುಕಾಂಡದಲ್ಲಿ ಸ್ವಲ್ಪವಾದ್ರೂ ಜೀವ ಇದ್ರೆ ಆ ಏರಿಕೆಗೆ ಉಸಿರಾಡೋ ಪ್ರಯತ್ನ ಬಂದೇ ಬರಬೇಕು. ಎದೆ ಒಂದಿಷ್ಟೂ ಅಲುಗದಿದ್ರೆ ಗುರುತು ಹಾಕಿಕೊಳ್ತಾರೆ. ಇಷ್ಟಕ್ಕೆ ನಿಲ್ಲಲ್ಲ. ಕನಿಷ್ಠ ಆರು ಗಂಟೆ ಬಿಟ್ಟು ಇಡೀ ಪರೀಕ್ಷೆ ಮತ್ತೊಮ್ಮೆ. ಆಮೇಲೆ ನಾಲ್ವರ ಸಹಿ.

ಕಾಯ್ದೆಯ ವ್ಯಾಖ್ಯೆಯಲ್ಲೇ ಈ ದೃಢೀಕರಣ ಸೇರಿಕೊಂಡಿದೆ. ಅಂದ್ರೆ ಸಹಿ ಬೀಳೋ ತನಕ ಮೆದುಳುಕಾಂಡದ ಸಾವು ಅನ್ನೋದು ಕಾನೂನಿನ ಪ್ರಕಾರ ಆಗೇ ಇಲ್ಲ. ಆ ಆರು ಗಂಟೆ ಇರೋದೇ ತಪ್ಪಾಗದಿರಲಿ ಅಂತ. ನಾಲ್ಕು ಜನ ತಜ್ಞರೇ ಕಾಯುವಾಗ ಸ್ಟುಡಿಯೋದಲ್ಲಿ ಕೂತವರಿಗೆ ಯಾವ ಪರೀಕ್ಷೆಯ ರಿಸಲ್ಟ್ ಮೊದಲೇ ಬಂದಿತ್ತು?

ಇದರ ಪೆಟ್ಟು ಬೀಳೋದು ಒಂದು ಮನೆಗಷ್ಟೇ ಅಲ್ಲ. ಅಂಗಾಂಗ ದಾನದ ಬಗ್ಗೆ ನಮ್ಮ ಜನಕ್ಕೆ ಇರೋ ದೊಡ್ಡ ಅನುಮಾನವೇ ‘ಪೂರ್ತಿ ಸಾಯೋ ಮೊದಲೇ ತೆಗೆದುಬಿಡ್ತಾರಂತೆ’ ಅನ್ನೋದು. ಟಿವಿ ಮೊದಲು ಸತ್ತರು ಅನ್ನುತ್ತೆ, ಆಸ್ಪತ್ರೆ ಇಲ್ಲ ಇದ್ದಾರೆ ಅನ್ನುತ್ತೆ, ಪಕ್ಕದಲ್ಲೇ ಅಂಗ ದಾನದ ಮಾತೂ ಬರುತ್ತೆ. ನೋಡ್ತಾ ಕೂತ ಅಜ್ಜಿಗೆ ಏನನ್ನಿಸಬೇಕು? ಅವರಿಗೆ ಆಪ್ನಿಯಾ ಟೆಸ್ಟ್ ಅಂದ್ರೇನು ಅಂತ ಯಾವ ಚಾನೆಲ್ ಹೇಳಿಕೊಟ್ಟಿತ್ತು? ಮುಂದೆ ಯಾವತ್ತೋ ಆ ಮನೆಯವರು ಐಸಿಯು ಹೊರಗೆ ಕೂತು ‘ಬೇಡ’ ಅಂದ್ರೆ, ಆ ‘ಬೇಡ’ದಲ್ಲಿ ಈ ಬ್ರೇಕಿಂಗ್ ನ್ಯೂಸಿನದ್ದೂ ಒಂದು ಪಾಲಿರುತ್ತೆ.

ಅವಸರ ಯಾಕೆ ಅಂದ್ರೆ, ಸಾವಿನ ಸುದ್ದಿ ತುಂಬಾ ಮಟ್ಟಿಗೆ ಮೊದಲೇ ರೆಡಿ ಇರುತ್ತೆ. ವಯಸ್ಸಾದ, ಕಾಯಿಲೆಯಲ್ಲಿರೋ ಗಣ್ಯರ ಜೀವನಚಿತ್ರ ಬರೆದಿಟ್ಟುಕೊಳ್ಳೋದು ಪತ್ರಿಕಾ ಜಗತ್ತಿನ ಹಳೇ ಪದ್ಧತಿ. ಅದೇನೂ ತಪ್ಪಲ್ಲ. ಚೆನ್ನಾಗಿ ಬರೆಯೋಕೆ ಸಮಯ ಬೇಕಲ್ಲ. ಆದ್ರೆ 2008ರಲ್ಲಿ ಬ್ಲೂಮ್‌ಬರ್ಗ್ ಸಂಸ್ಥೆ ಸ್ಟೀವ್ ಜಾಬ್ಸ್ ಅವರ ಸಿದ್ಧ ಲೇಖನವನ್ನ ಕೈತಪ್ಪಿ ಪ್ರಕಟ ಮಾಡಿಬಿಟ್ಟಿತ್ತು. ಅವರು ಬದುಕಿದ್ದು 2011ರ ಅಕ್ಟೋಬರ್ ತನಕ. ಗುಂಡು ತುಂಬಿಟ್ಟ ಕೋವಿ ಇದ್ದ ಹಾಗೆ, ಬೆರಳು ತಾಗಿದ್ರೆ ಸಾಕು. ಅದರ ಮೇಲೆ ಟಿಆರ್‌ಪಿ, ಕ್ಲಿಕ್ಕು. ‘ಮೊದಲು ನಮ್ಮಲ್ಲೇ’ ಅನ್ನೋ ಪಟ್ಟಿ ಪರದೆ ಮೇಲೆ ಓಡೋದನ್ನ ನೀವೂ ನೋಡಿರ್ತೀರ. ಚಾನೆಲ್ ಬದಲಾಯಿಸೋ ಕೈಗೆ ಯಾರು ಮೂರು ನಿಮಿಷ ಮೊದಲು ಹೇಳಿದ್ರು ಅಂತ ನೆನಪೂ ಇರಲ್ಲ. ಆದ್ರೆ ನ್ಯೂಸ್‌ರೂಮಿನಲ್ಲಿ ಆ ಮೂರು ನಿಮಿಷದ ಮೇಲೆ ಕೆಲಸವೇ ನಿಂತಿರುತ್ತೆ.

ಕನ್ನಡದಲ್ಲಿ ಈ ಅವಸರಕ್ಕೆ ವ್ಯಾಕರಣವೂ ಸಹಾಯ ಮಾಡುತ್ತೆ. ‘ಎನ್ನಲಾಗಿದೆ’, ‘ತಿಳಿದುಬಂದಿದೆ’, ‘ಮೂಲಗಳ ಪ್ರಕಾರ’ ಅಂತೆಲ್ಲ ಹಾಕಿದ್ರೆ ಯಾರು ಅಂದ್ರು, ಯಾರಿಂದ ತಿಳಿದುಬಂತು ಅಂತ ಹೇಳಬೇಕಾಗೇ ಇಲ್ಲ. ಇನ್ನೂ ಅನುಕೂಲದ್ದು ಪ್ರಶ್ನಾರ್ಥಕ ಚಿಹ್ನೆ. ‘ಖ್ಯಾತ ನಟ ಇನ್ನಿಲ್ಲ?’ ಅಂತ ಹಾಕಿದ್ರೆ ನಿಜವಾದರೆ ನಾವೇ ಫಸ್ಟು, ಸುಳ್ಳಾದರೆ ನಾವು ಕೇಳಿದ್ದು ಪ್ರಶ್ನೆ ಅಷ್ಟೇ.

ಪುನೀತ್ ರಾಜ್‌ಕುಮಾರ್ ಅವರ ಸಾವಿನ ದಿನ, 2021ರ ಅಕ್ಟೋಬರ್ 29, ನಾವೆಲ್ಲ ಹೈಸ್ಕೂಲು. ಆಸ್ಪತ್ರೆಯ ಹೇಳಿಕೆ ಪ್ರಕಾರ ಅವರನ್ನ ಬೆಳಗ್ಗೆ 11.40ರ ಸುಮಾರಿಗೆ ಕರೆತಂದಾಗಲೇ ಹೃದಯ ಬಡಿತ ನಿಂತಿತ್ತು. ಮರುಜೀವ ಕೊಡೋ ಪ್ರಯತ್ನ ನಡೀತು. ಸಾವು ಘೋಷಿಸಿದ್ದು ಮಧ್ಯಾಹ್ನ 2.30ಕ್ಕೆ. ಈ ನಡುವಿನ ಸುಮಾರು ಮೂರು ಗಂಟೆ ನಮ್ಮ ಫೋನ್‌ಗಳು ಹೇಗಿದ್ದವು ಅಂತ ನಿಮಗೆ ಬೇರೆ ಹೇಳಬೇಕಾಗಿಲ್ಲ. ‘ಹೋಗಿಬಿಟ್ರಂತೆ’, ‘ಇಲ್ಲ, ಐಸಿಯುನಲ್ಲಿದ್ದಾರಂತೆ’, ‘ಸರ್ಕಾರ ಮುಚ್ಚಿಡ್ತಿದೆಯಂತೆ.’ ಎಲ್ಲಾ ‘ಅಂತೆ’ಗಳು.

ಆ ಮೂರು ಗಂಟೆ ವೈದ್ಯರಿಗಷ್ಟೇ ಬೇಕಾಗಿದ್ದಲ್ಲ. ಹಿರಿಯ ಮಗಳು ಅಮೆರಿಕದಲ್ಲಿ ಓದ್ತಾ ಇದ್ದರು. ಅವರು ಬರೋದಕ್ಕಾಗಿ ಅಂತ್ಯಕ್ರಿಯೆಯನ್ನೇ ಅಕ್ಟೋಬರ್ 31ಕ್ಕೆ ಹಾಕಲಾಯ್ತು. ದೂರದಲ್ಲಿರೋ ಮಗಳಿಗೆ ಅಪ್ಪನ ಸುದ್ದಿ ಮನೆಯವರ ಬಾಯಿಂದ ತಲುಪಬೇಕಾ, ಇಲ್ಲಾ ಇನ್‌ಸ್ಟಾ ನೋಟಿಫಿಕೇಶನ್ನಿಂದಲಾ? ಮನೆಯವರಿಗೆ ಮೊದಲು ತಿಳಿಯಲಿ ಅನ್ನೋ ನಿಯಮ ಸೌಜನ್ಯದ ಮಾತು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ನಮ್ಮ ಪ್ರಕಾರ ಸಾವಿನ ವರದಿಗಾರಿಕೆಯಲ್ಲಿ ಬೇರೆ ಎಲ್ಲ ನಿಯಮಗಳೂ ಇದರ ಆಮೇಲೆ. ಸುದ್ದಿ ಒಂದು ಗಂಟೆ ತಡವಾದ್ರೆ ಅಭಿಮಾನಿಗೆ ಹೋಗೋದು ಒಂದು ಗಂಟೆ. ಮನೆಯವರಿಗೆ ಅದು ತಪ್ಪಾದ ಜಾಗದಿಂದ ಬಂದ್ರೆ ಜೀವನಪೂರ್ತಿ ಅದೇ ನೆನಪು.

ಪೊಲೀಸರಿಗೂ ಆ ಸಮಯ ಬೇಕಿತ್ತು. 2006ರ ಏಪ್ರಿಲ್ 12ರಂದು ಡಾ. ರಾಜ್‌ಕುಮಾರ್ ತೀರಿಕೊಂಡಾಗ ಬೆಂಗಳೂರಿನಲ್ಲಿ ಏನಾಯ್ತು ಅಂತ ಮನೆಯಲ್ಲಿ ದೊಡ್ಡವರನ್ನ ಕೇಳಿ. ಗಲಭೆ, ಬೆಂಕಿ, ಗೋಲಿಬಾರ್. ಒಬ್ಬ ಪೊಲೀಸ್ ಸೇರಿ ಹಲವರು ಪ್ರಾಣ ಕಳೆದುಕೊಂಡರು. 2021ರಲ್ಲಿ ಸರ್ಕಾರ ಬಂದೋಬಸ್ತ್ ಮಾಡಿ, ಮದ್ಯ ಮಾರಾಟ ನಿಲ್ಲಿಸಿ, ಕಂಠೀರವ ಸ್ಟೇಡಿಯಂನಲ್ಲಿ ಸರತಿಯಲ್ಲಿ ದರ್ಶನಕ್ಕೆ ವ್ಯವಸ್ಥೆ ಮಾಡಿತು. ಲಕ್ಷಾಂತರ ಜನ ಬಂದರೂ 2006ರ ಥರ ಆಗಲಿಲ್ಲ. ಅದಕ್ಕೆ ಅಭಿಮಾನಿಗಳನ್ನೂ ಮೆಚ್ಚಬೇಕು. ಕುಟುಂಬವಂತೂ ಆ ದುಃಖದಲ್ಲೂ ಶಾಂತಿ ಕಾಪಾಡಿ ಅಂತ ಕೈಮುಗೀತಾ ಇತ್ತು.

ಆದರೆ ಮುಂದಿನ ದಿನಗಳಲ್ಲಿ ಇನ್ನೊಂದು ಶುರುವಾಯ್ತು. ಪುನೀತ್ ಅವರು ಆಸ್ಪತ್ರೆಗೆ ಹೋಗುವ ಮೊದಲು ಭೇಟಿಯಾಗಿದ್ದು ಕುಟುಂಬದ ವೈದ್ಯರನ್ನ. ‘ಆ ಹತ್ತು ನಿಮಿಷ ಏನಾಯ್ತು?’, ‘ಆಂಬುಲೆನ್ಸ್ ಯಾಕೆ ಕರೆಸಲಿಲ್ಲ?’ ಅಂತ ಸಿಸಿಟಿವಿ ದೃಶ್ಯ ಹಾಕಿ, ಕೆಂಪು ವೃತ್ತ ಎಳೆದು, ಗಡಿಯಾರ ಓಡಿಸಿ ಚರ್ಚೆ. ಪ್ರಶ್ನೆ ಕೇಳೋದು ತಪ್ಪಲ್ಲ. ಆದ್ರೆ ಹೃದ್ರೋಗ ತಜ್ಞರು ಉತ್ತರಿಸಬೇಕಾದ ಪ್ರಶ್ನೆಗೆ ಸ್ಟುಡಿಯೋದಲ್ಲೇ ತೀರ್ಪು ಕೊಟ್ಟರೆ? ಆ ವೈದ್ಯರ ಮನೆಗೂ ಕ್ಲಿನಿಕ್ಕಿಗೂ ಪೊಲೀಸ್ ಕಾವಲು ಹಾಕಬೇಕಾಯ್ತು. ಖಾಸಗಿ ಆಸ್ಪತ್ರೆಗಳ ಸಂಘ ಮುಖ್ಯಮಂತ್ರಿಗೆ ಪತ್ರ ಬರೆದು ರಕ್ಷಣೆ ಕೇಳಿತು. ಜಿಮ್ಮೇ ಕಾರಣ ಅಂತ ಇನ್ನೊಂದು ಅಲೆ ಎದ್ದು, ಜನ ಹೆದರಿ ಹೃದಯ ತಪಾಸಣೆಗೆ ಜಯದೇವ ಆಸ್ಪತ್ರೆ ಮುಂದೆ ಸಾಲುಗಟ್ಟಿದರು. ತಪಾಸಣೆ ಒಳ್ಳೇದೇ. ಗಾಬರಿಯಿಂದ ನೂಕುನುಗ್ಗಲಾದರೆ ನಿಜವಾದ ರೋಗಿಗೆ ಜಾಗ ಎಲ್ಲಿ?

ಈ ‘ಸ್ಟುಡಿಯೋ ತನಿಖೆ’ಗೆ ಎಲ್ಲರೂ ನೆನಪಿಸೋದು ಹಿಂದಿ ಚಾನೆಲ್‌ಗಳನ್ನ. 2018ರ ಫೆಬ್ರವರಿಯಲ್ಲಿ ಶ್ರೀದೇವಿ ದುಬೈಯಲ್ಲಿ ತೀರಿಕೊಂಡಾಗ ಬಾತ್‌ಟಬ್ಬಿನ ಗ್ರಾಫಿಕ್ಸ್ ಮಾಡಿ ತೋರಿಸಿದ್ದರು. ನಮ್ಮ ಪಕ್ಕದ ತೆಲುಗಿನಲ್ಲಂತೂ ಒಬ್ಬ ವರದಿಗಾರ ತಾನೇ ಟಬ್ಬಿನಲ್ಲಿ ಮಲಗಿ ಡೆಮೋ ಕೊಟ್ಟ. ‘ನ್ಯೂಸ್ ಕಿ ಮೌತ್’ ಅಂತ ಹ್ಯಾಶ್‌ಟ್ಯಾಗ್ ಓಡಿದ್ದು ಆಗಲೇ. ಎರಡು ವರ್ಷ ಕಳೀತು, 2020ರ ಜೂನ್ 14ರಂದು ಸುಶಾಂತ್ ಸಿಂಗ್ ರಾಜ್‌ಪುತ್. ಅವರು ಧೋನಿ ಪಾತ್ರ ಮಾಡಿದ್ದರು ಅಂತ ಒಂದು ಚಾನೆಲ್ ಸಾವನ್ನ ‘ಹಿಟ್ ವಿಕೆಟ್’ ಅಂತ ಕರೆಯಿತು. ಮೃತದೇಹದ ಫೋಟೋ ಹರಿದಾಡಿ, ಹಂಚಬೇಡಿ ಅಂತ ಮಹಾರಾಷ್ಟ್ರ ಸೈಬರ್ ಪೊಲೀಸರು ಎಚ್ಚರಿಸಬೇಕಾಯ್ತು. ಅವರ ಕೊನೇ ಟ್ವೀಟುಗಳು ಅಂತ ನಕಲಿ ಟ್ವೀಟುಗಳನ್ನ ತೋರಿಸಿದ್ದಕ್ಕೆ ಆಜ್ ತಕ್ ಚಾನೆಲ್‌ಗೆ ಸುದ್ದಿ ಪ್ರಸಾರಕರ ಸ್ವಯಂ ನಿಯಂತ್ರಣ ಪ್ರಾಧಿಕಾರ 1 ಲಕ್ಷ ರೂಪಾಯಿ ದಂಡ ಹಾಕಿ, ಕ್ಷಮೆ ಪ್ರಸಾರ ಮಾಡಿ ಅಂತ ಹೇಳಿತು. 2021ರ ಜನವರಿಯಲ್ಲಿ ಬಾಂಬೆ ಹೈಕೋರ್ಟ್ ಮಾಧ್ಯಮ ವಿಚಾರಣೆ ನ್ಯಾಯದ ಕೆಲಸಕ್ಕೆ ಅಡ್ಡಿ ಅಂತ ಸ್ಪಷ್ಟವಾಗಿ ಬರೆಯಿತು. ಅಷ್ಟರಲ್ಲಿ ಗೆಳತಿ ರಿಯಾ ಚಕ್ರವರ್ತಿಯನ್ನ ಟಿವಿಗಳು ಅಪರಾಧಿ ಮಾಡಿ ಮುಗಿಸಿದ್ದವು. ಸಿಬಿಐ ತನಿಖೆ ಮುಗಿಸಿ ಮುಕ್ತಾಯ ವರದಿ ಕೊಟ್ಟಿದ್ದು 2025ರ ಮಾರ್ಚಿನಲ್ಲಿ. ಆ ಸುದ್ದಿಗೆ ಎಷ್ಟು ಗಂಟೆ ಡಿಬೇಟ್ ನಡೀತು ಅಂತ ನೆನಪಿದೆಯಾ?

ಇಲ್ಲಿ ಸ್ವಲ್ಪ ನಿಧಾನ ಮಾಡ್ತೀವಿ, ಯಾಕಂದ್ರೆ ಇದು ಕ್ಯಾಂಪಸ್‌ನಲ್ಲಿರೋ ನಮಗೆ ಹತ್ತಿರದ ವಿಷಯ. ತಾವೇ ಪ್ರಾಣ ಕಳೆದುಕೊಂಡವರ ಸುದ್ದಿಯನ್ನ ಹೇಗೆ ಬರೀತೀವಿ ಅನ್ನೋದರ ಮೇಲೆ ಬೇರೆಯವರ ಪ್ರಾಣ ನಿಂತಿರುತ್ತೆ. ಅಮೆರಿಕದ ನಟ ರಾಬಿನ್ ವಿಲಿಯಮ್ಸ್ 2014ರ ಆಗಸ್ಟಿನಲ್ಲಿ ತೀರಿಕೊಂಡ ಮೇಲೆ, ಆ ವರ್ಷದ ಕೊನೆ ಐದು ತಿಂಗಳಲ್ಲಿ ಅಲ್ಲಿ ಇಂಥ ಸಾವುಗಳು ನಿರೀಕ್ಷೆಗಿಂತ ಶೇಕಡ 10ರಷ್ಟು ಹೆಚ್ಚಾಗಿದ್ದವು ಅಂತ ಸಂಶೋಧಕರು ಲೆಕ್ಕ ಹಾಕಿದ್ದಾರೆ. ಅದಕ್ಕೂ ಇಪ್ಪತ್ತು ವರ್ಷ ಮೊದಲು, 1994ರಲ್ಲಿ ಗಾಯಕ ಕರ್ಟ್ ಕೋಬೇನ್ ಹೋದಾಗ ಅವರ ಊರು ಸಿಯಾಟಲ್‌ನಲ್ಲಿ ಎಲ್ಲರೂ ಇದನ್ನೇ ನಿರೀಕ್ಷಿಸಿದ್ದರು, ಆಗಲಿಲ್ಲ. ಅಲ್ಲಿನ ಮಾಧ್ಯಮ ಸಾವನ್ನ ರಮ್ಯ ಮಾಡದೆ, ಸಹಾಯವಾಣಿಯ ವಿವರವನ್ನ ಮತ್ತೆ ಮತ್ತೆ ಕೊಟ್ಟಿದ್ದು ಒಂದು ಕಾರಣ ಅಂತ ಅಧ್ಯಯನ ಮಾಡಿದವರು ಹೇಳ್ತಾರೆ.

ನಮ್ಮ ಪ್ರೆಸ್ ಕೌನ್ಸಿಲ್ 2019ರ ಸೆಪ್ಟೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯನ್ನ ಅನುಸರಿಸಿ ನಿಯಮ ಮಾಡಿದೆ. ವಿಧಾನ ವಿವರಿಸಬಾರದು, ಜಾಗದ ವಿವರ ಕೊಡಬಾರದು, ರೋಚಕ ತಲೆಬರಹ, ಫೋಟೋ, ವಿಡಿಯೋ ಹಾಕಬಾರದು. ಈಗ ಕನ್ನಡದ ಯಾವುದಾದ್ರೂ ತಲೆಬರಹ ತೆಗೆದು ನೋಡಿ. ‘ನೇಣಿಗೆ ಶರಣು’! ಎರಡೇ ಪದದಲ್ಲಿ ಎರಡು ತಪ್ಪು. ವಿಧಾನ ತಲೆಬರಹಕ್ಕೇ ಬಂತು. ಜತೆಗೆ ‘ಶರಣು’. ಬಸವಣ್ಣನವರ ನಾಡಿನಲ್ಲಿ ಆ ಪದಕ್ಕೆ ಎಂಥಾ ತೂಕ ಇದೆ! ದೇವರಿಗೆ, ದೊಡ್ಡವರಿಗೆ ಹೇಳೋ ಮಾತನ್ನ ಹಗ್ಗಕ್ಕೆ ಹೇಳಿಸ್ತಾ ಇದ್ದೀವಿ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ಈ ನುಡಿಗಟ್ಟು ಮೊದಲು ಕಂಡಾಗ ಗಮನಕ್ಕೇ ಬಂದಿರಲಿಲ್ಲ. ಕ್ಲಬ್ಬಿನಲ್ಲಿ ಒಂದು ಸಲ ಜೋರಾಗಿ ಓದಿದಾಗಲೇ ಹೊಡೆದಿದ್ದು. ‘ತೀರಿಕೊಂಡರು’, ‘ಪ್ರಾಣ ಕಳೆದುಕೊಂಡರು’ ಅಂತ ಸರಳ ಪದಗಳು ಇವೆ. ಅವುಗಳನ್ನ ಬಳಸಿದ್ರೆ ಸುದ್ದಿಯಲ್ಲಿ ಏನೂ ಕಮ್ಮಿಯಾಗಲ್ಲ. ಅಂದ ಹಾಗೆ, ನಿಮಗೋ ನಿಮ್ಮ ರೂಮ್‌ಮೇಟಿಗೋ ಮನಸ್ಸು ಕುಸಿದಿದ್ರೆ ಟೆಲಿ-ಮಾನಸ್ ಸಹಾಯವಾಣಿ 14416. ಹಗಲು ರಾತ್ರಿ ಯಾವಾಗ ಬೇಕಾದ್ರೂ, ಕನ್ನಡದಲ್ಲೇ ಮಾತಾಡಬಹುದು.

‘ಕಾನೂನು ಇಲ್ವಾ?’ ಅಂತ ಕೇಳಿದ್ರೆ, ಇದೆ, ಆದ್ರೆ ತೆಳು. ಪ್ರೆಸ್ ಕೌನ್ಸಿಲ್ ಛೀಮಾರಿ ಹಾಕಬಹುದು, ಶಿಕ್ಷೆ ಕೊಡೋ ಅಧಿಕಾರ ಇಲ್ಲ. ಟಿವಿಯವರ ಸ್ವಯಂ ನಿಯಂತ್ರಣ ಸಂಸ್ಥೆಯ ಮಾತು ಅದರ ಸದಸ್ಯರಿಗೆ ಮಾತ್ರ. 2023ರ ಜನವರಿಯಲ್ಲಿ ಕೇಂದ್ರ ವಾರ್ತಾ ಸಚಿವಾಲಯ ಸಾವು, ಅಪಘಾತದ ದೃಶ್ಯಗಳನ್ನ ಮಸುಕು ಮಾಡದೆ ತೋರಿಸಬೇಡಿ ಅಂತ ಚಾನೆಲ್‌ಗಳಿಗೆ ಸೂಚನೆ ಕಳಿಸಿತ್ತು. ನಮಗೆ ನಿಜಕ್ಕೂ ಆಶ್ಚರ್ಯ ಆಗಿದ್ದು ಬೇರೆ ವಿಷಯ. ಖಾಸಗಿತನದ ಹಕ್ಕು ವ್ಯಕ್ತಿಯ ಜೊತೆಗೇ ಮುಗಿಯುತ್ತೆ, ವಾರಸುದಾರರಿಗೆ ಬರಲ್ಲ ಅಂತ ದೆಹಲಿ ಹೈಕೋರ್ಟ್ 2023ರಲ್ಲಿ ಸುಶಾಂತ್ ತಂದೆಯ ಪ್ರಕರಣದಲ್ಲೇ ಹೇಳಿದೆ. ಬದುಕಿದ್ದಾಗ ಮನೆ ಬಾಗಿಲು ಹಾಕಿಕೊಳ್ಳೋ ಹಕ್ಕಿತ್ತು, ಸತ್ತ ಮೇಲೆ ಅದೂ ಇಲ್ಲ. ಹಾಗಾಗಿ ಸತ್ತವರ ಬಾಗಿಲು ಕಾಯೋದು ಕಾನೂನಿಗಿಂತ ಹೆಚ್ಚಾಗಿ ಕ್ಯಾಮೆರಾ ಹಿಡಿದವನ ಮರ್ಯಾದೆ.

ಹಾಗಂತ ಗಣ್ಯರ ಸಾವನ್ನ ವರದಿ ಮಾಡಲೇಬಾರದು ಅಂತಲ್ಲ. ಅಪ್ಪು ಅವರ ಕಣ್ಣುಗಳು ನಾರಾಯಣ ನೇತ್ರಾಲಯಕ್ಕೆ ಹೋದವು. ಸಾಮಾನ್ಯವಾಗಿ ಎರಡು ಕಾರ್ನಿಯಾದಿಂದ ಇಬ್ಬರಿಗೆ ದೃಷ್ಟಿ. ಅಲ್ಲಿ ಒಂದೊಂದು ಕಾರ್ನಿಯಾವನ್ನೂ ಮುಂದಿನ ಪದರ, ಹಿಂದಿನ ಪದರ ಅಂತ ಬೇರೆ ಮಾಡಿ, ಯಾರಿಗೆ ಯಾವ ಪದರ ಹಾಳಾಗಿದೆಯೋ ಅವರಿಗೆ ಅದನ್ನಷ್ಟೇ ಕೂರಿಸಿ, ನಾಲ್ವರಿಗೆ ದೃಷ್ಟಿ ಕೊಟ್ಟರು. ಪತ್ರಿಕೆಗಳು ಇದನ್ನ ಚಿತ್ರ ಹಾಕಿ ಚೆನ್ನಾಗಿ ವಿವರಿಸಿದವು. ನೇತ್ರದಾನಕ್ಕೆ ನೋಂದಾಯಿಸೋರ ಸಂಖ್ಯೆ ರಾಜ್ಯದಲ್ಲಿ ಒಮ್ಮೆಲೇ ಏರಿತು. ಅದೇ ಸಾವು, ಅದೇ ಮಾಧ್ಯಮ. ಈ ವರದಿಗೆ ಯಾರೂ ಮೂರು ನಿಮಿಷ ಮೊದಲು ಓಡಬೇಕಾಗಿರಲಿಲ್ಲ.

ಚಾನೆಲ್‌ಗಳ ಬಗ್ಗೆ ಇಷ್ಟು ಬರೆದ ಮೇಲೆ ನಮ್ಮ ಕೈಲಿರೋದರ ಬಗ್ಗೆಯೂ ಬರೀಬೇಕಲ್ಲ. ಸೆಕ್ಷನ್ ಗ್ರೂಪ್, ಹಾಸ್ಟೆಲ್ ಗ್ರೂಪ್, ಫೆಸ್ಟ್ ಪೇಜು ಎಲ್ಲವೂ ಚಿಕ್ಕ ಚಾನೆಲ್‌ಗಳೇ, ಸಂಪಾದಕರಿಲ್ಲದವು. ನಮ್ಮ ಕನ್ನಡ ಕ್ಲಬ್ಬಿನ ಇನ್‌ಸ್ಟಾ ಪೇಜಿಗೆ ಈ ವರ್ಷದಿಂದ ಮೂರು ನಿಯಮ ಇಟ್ಟುಕೊಂಡಿದ್ದೀವಿ. ಕುಟುಂಬ ಅಥವಾ ಆಸ್ಪತ್ರೆ ಹೆಸರು ಹಾಕಿ ಹೇಳೋ ತನಕ ಶ್ರದ್ಧಾಂಜಲಿ ಪೋಸ್ಟರ್ ಇಲ್ಲ. ಪಾರ್ಥಿವ ಶರೀರದ ಫೋಟೋ, ಅಳ್ತಾ ಇರೋ ಮನೆಯವರ ವಿಡಿಯೋ ಇಲ್ಲ. ಸಾವಿನ ಕಾರಣ ಬರೆಯಲ್ಲ, ಅವರು ಮಾಡಿದ ಕೆಲಸ ಬರೀತೀವಿ. ಡಿಸೈನ್ ತಂಡದವರು ಮೊದಲು ಗೊಣಗಿದರು. ‘ಉಳಿದ ಕಾಲೇಜಿನ ಪೇಜುಗಳು ಹಾಕಿ ಆಗಿರುತ್ತೆ, ನಮ್ಮದು ಸಂಜೆ ಬಂದ್ರೆ ಯಾರು ನೋಡ್ತಾರೆ?’ ಅಂತ. ಈ ತನಕ ಎರಡು ಪೋಸ್ಟರ್ ತಡವಾಗಿ ಹೋಗಿವೆ. ಲೈಕು ಕಮ್ಮಿಯೇ ಬಿದ್ದಿದ್ದು. ನಿಯಮ ಹಾಗೇ ಇದೆ.